ತಮ್ಮನ ಹೆಸರಿನ ಮರಿ

ಆ ವರ್ಷ ನಮ್ಮ ಮನೆಗೆ ಹಬ್ಬ ಕ್ಯಾಲೆಂಡರ್ ನೋಡಿಕೊಂಡು ಬರಲಿಲ್ಲ. ತಮ್ಮ ಹುಟ್ಟಿದ ದಿನವೇ ಬಂದು ಪಡಸಾಲೆಯ ತೊಟ್ಟಿಲ ಕೆಳಗೆ ಕೂತುಬಿಟ್ಟಿತು. ಗಣಪತಿ ಹಬ್ಬದಲ್ಲಿ ಅವನು ಕಣ್ಣು ಬಿಡುವುದೇ ಒಂದು ಸುದ್ದಿ. ಮಾರ್ನಮಿ ಹೊತ್ತಿಗೆ ಮುಷ್ಟಿಯನ್ನು ಬಾಯಿಗೆ ತುರುಕಿಕೊಳ್ಳಲು ಕಲಿತ. ದೀಪಾವಳಿ ಹತ್ತಿರ ಬಂದಾಗ ನಗುತ್ತಿದ್ದ, ಅದೂ ನಮ್ಮನ್ನು ನೋಡಿ ಅಲ್ಲ, ಮೇಲಿನ ತೊಲೆಯನ್ನು ನೋಡಿ. ನಾನು ಹುಟ್ಟಿದ ಮೇಲೆ ಹತ್ತು ವರ್ಷ ಆ ಮನೆಯಲ್ಲಿ ಯಾರೂ ಹುಟ್ಟಿರಲಿಲ್ಲ. ಹಾಗಾಗಿ ಅವನು ಆಕಳಿಸಿದರೂ ಒಬ್ಬರನ್ನೊಬ್ಬರು ಕೂಗಿ ಕರೆದು ತೋರಿಸುತ್ತಿದ್ದೆವು. ಕುರಿ ಮೇಯಿಸಿಕೊಂಡು ಬಂದ ಅಪ್ಪ ಕೈಕಾಲು ತೊಳೆಯುವ ಮೊದಲೇ ಹೊಸ್ತಿಲಾಚೆ ನಿಂತು, ಇವತ್ತು ಏನು ಮಾಡಿದ ಎಂದು ಕೇಳುತ್ತಿದ್ದ. ಸೀನಿದ ಎಂದರೆ ಹೇಗೆ ಸೀನಿದ ಎಂದು ಮತ್ತೆ ಕೇಳುತ್ತಿದ್ದ. ಯಾರ ಜೊತೆಗೂ ಹೆಚ್ಚು ಮಾತಾಡದ ಅಪ್ಪ ಹಾಗೆ ಕೇಳುವುದನ್ನು ನೋಡಿ ನನಗೆ ನಗು ಬರುತ್ತಿತ್ತು.

ನಮ್ಮ ಮನೆ ಐಮಂಗಲದಿಂದ ಸ್ವಲ್ಪ ಒಳಗೆ, ಹೆದ್ದಾರಿಯ ಲಾರಿಗಳ ಸದ್ದು ಕೇಳಿಸುವಷ್ಟು ದೂರದಲ್ಲಿ. ಮುಂದೆ ತಗಡಿನ ಚಪ್ಪರ, ಆಮೇಲೆ ಪಡಸಾಲೆ, ಎಡಕ್ಕೆ ಅವ್ವನ ಬಾಣಂತನದ ಕೋಣೆ, ಬಲಕ್ಕೆ ಅಡಿಗೆ ಮನೆ. ಹಿತ್ತಲ ಬಾಗಿಲು ತೆಗೆದರೆ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿ ರೊಪ್ಪ. ಆ ಬಾಗಿಲಿಂದ ಬರುವ ವಾಸನೆ ನಮ್ಮ ಗೋಡೆ, ಹಾಸಿಗೆ, ನನ್ನ ಲಂಗ, ತಲೆಗೂದಲು ಎಲ್ಲದರಲ್ಲೂ ಇತ್ತು. ಮನೆಯಲ್ಲಿದ್ದಾಗ ಅದು ವಾಸನೆ ಎಂದೇ ನನಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಶಾಲೆಯಲ್ಲಿ, ಪಕ್ಕದಲ್ಲಿ ಕೂತ ಅಂಗಡಿಯವರ ಹುಡುಗಿ ಸರಿದು ಕೂತಾಗ. ಹಿರಿಯೂರಿನ ಸೋದರಮಾವ ತಮ್ಮನನ್ನು ನೋಡಲು ಬಂದವನು ಒಂದು ಡಬ್ಬಿ ತಂದಿದ್ದ. ಅದರಲ್ಲಿ ಮಗುವಿನ ಸೋಪು, ಪೌಡರು, ಎಣ್ಣೆ. ಮುಚ್ಚಳ ತೆಗೆದ ದಿನ ಮನೆಯೇ ಬದಲಾಯಿತು. ಸಾಂಬ್ರಾಣಿ ಹೊಗೆ, ಬಜೆ, ಬಾಣಂತಿಯ ಖಾರ, ಇವುಗಳ ನಡುವೆ ಆ ಸೋಪಿನ ವಾಸನೆ ಹೊಸ ಸೊಸೆಯ ಹಾಗೆ ಮೆಲ್ಲಗೆ ಓಡಾಡುತ್ತಿತ್ತು. ನಾನು ಶಾಲೆಗೆ ಹೋಗುವ ಮುಂಚೆ ತಮ್ಮನ ಕುತ್ತಿಗೆಗೆ ಮೂಗು ಒತ್ತಿ ಉಸಿರು ಎಳೆದುಕೊಂಡು ಹೊರಡುತ್ತಿದ್ದೆ. ದಾರಿಯುದ್ದಕ್ಕೂ ಆ ಉಸಿರು ಬಿಡದೆ ಇಟ್ಟುಕೊಳ್ಳಬೇಕು ಅನಿಸುತ್ತಿತ್ತು.

ಅವನಿಗೆ ಎರೆಯುತ್ತಿದ್ದವಳು ಚಿಕ್ಕವ್ವ, ಅಪ್ಪನ ತಮ್ಮನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ಒಂದು ಹೊಟ್ಟೆಯಲ್ಲೇ ಹೋಗಿತ್ತು. ಆದರೆ ಮಗುವನ್ನು ಹಿಡಿಯುವುದು ಅವಳಿಗೆ ಬಂದಷ್ಟು ಚೆನ್ನಾಗಿ ನಮ್ಮವ್ವನಿಗೂ ಬರುತ್ತಿರಲಿಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಅವನನ್ನು ಬೋರಲು ಮಲಗಿಸಿಕೊಂಡು, ಬಿಸಿನೀರು ಹೊಯ್ಯುತ್ತಾ ಅವನ ಜೊತೆ ಊರ ಪಂಚಾಯಿತಿ ಎಲ್ಲ ಮಾತಾಡುತ್ತಿದ್ದಳು. ಚೊಂಬು ಎತ್ತಿಕೊಡುವುದು ನನ್ನ ಕೆಲಸ.

"ಲೇ ನಿಂಗಿ, ಬೇಗ ತಾರೆ. ಸಾವ್ಕಾರ್ರು ಸಿಟ್ಟಾಗ್ತಾವ್ರೆ ನೋಡು, ಮೂಗು ಹೆಂಗ್ ಮಾಡ್ಯಾರೆ."

ಅವನು ಅವಳ ಕಾಲ ಮೇಲೆ ಅಳುತ್ತಿರಲಿಲ್ಲ. ನಮ್ಮ ಕೈಗೆ ಬಂದರೆ ಅಳುತ್ತಿದ್ದ. ಎರೆದು ಮುಗಿದ ಮೇಲೆ ಅವಳೇ ಅವನನ್ನು ಮಲಗಿಸಿ, ನನ್ನನ್ನು ಹಿಡಿದು ಕೂರಿಸಿ ತಲೆ ಬಾಚುತ್ತಿದ್ದಳು. ಹೇನು ಸಿಕ್ಕರೆ ನನಗೆ ತೋರಿಸಿ, ಇದು ನಿಮ್ಮ ಮೇಷ್ಟ್ರ ಹಂಗೆ ಐತಲ್ಲೇ ಎಂದು ನಗಿಸುತ್ತಿದ್ದಳು.

ನಮ್ಮಲ್ಲಿ ಗಂಡಾಗಲಿ ಹೆಣ್ಣಾಗಲಿ, ಮಗು ಹುಟ್ಟಿದ ಆಸುಪಾಸಿನಲ್ಲಿ ರೊಪ್ಪದಲ್ಲಿ ಹುಟ್ಟಿದ ಒಂದು ಮರಿಯನ್ನು ಅದರ ಹೆಸರಿಗೆ ಬಿಡುತ್ತಾರೆ. ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ಮಗುವಿಗೆ ಬರುವ ಮೊದಲ ದೀಪಾವಳಿ ಪಾಡ್ಯದ ಬೆಳಗ್ಗೆ ರೊಪ್ಪದ ಬಾಗಿಲಲ್ಲಿ ಕರಿ ಕಂಬಳಿ ಹಾಸಿ ಮಗುವನ್ನು ಮಲಗಿಸಬೇಕು. ಅದರ ಮುಂದೆ ಹೆಸರಿನ ಮರಿಯನ್ನು ಬಿಟ್ಟು, ತಾಯಿ ಕುರಿಯನ್ನು ಕರೆತಂದು, ಮರಿ ಹಾಲು ಕುಡಿಯುವುದನ್ನು ಎಲ್ಲರೂ ನಿಂತು ನೋಡಬೇಕು. ಆ ಕೆಚ್ಚಲಿನ ಒಂದು ಹನಿಯನ್ನು ಮಗುವಿನ ತುಟಿಗೆ ಮುಟ್ಟಿಸಿದ ಮೇಲೆ ಕುರಿಗಳನ್ನು ಹೋ ಎಂದು ಬೆದರಿಸಿ ಹೊರಗೆ ಹಾರಿಸುತ್ತಾರೆ. ಮರಿ ಚೆನ್ನಾಗಿ ಕುಡಿದರೆ ಮಗುವಿನ ಬಾಳು ತುಂಬುತ್ತದೆ. ಕುಡಿಯದಿದ್ದರೆ ಏನು ಎಂದು ಯಾರೂ ಹೇಳುತ್ತಿರಲಿಲ್ಲ, ಕುಡಿಯದೆ ಇದ್ದದ್ದನ್ನು ಯಾರೂ ನೋಡಿರಲಿಲ್ಲ. ತಮ್ಮನ ಹೆಸರಿನ ಮರಿಗೆ ಹಣೆಯಲ್ಲಿ ಬಿಳಿ ಬೊಟ್ಟು, ಉಳಿದದ್ದೆಲ್ಲ ಕಪ್ಪು. ಕಿವಿಗೆ ಅಜ್ಜಿ ಕೆಂಪು ದಾರ ಕಟ್ಟಿದ್ದಳು. ಅದನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು ಎಂದು ಅಜ್ಜಿಯೇ ಹೇಳಿದ್ದಳು. ನಾನು ಶಾಲೆಯಲ್ಲಿ ಕೂತು ತಮ್ಮನ ಬಗ್ಗೆ ಅರ್ಧ, ಮರಿಯ ಬಗ್ಗೆ ಅರ್ಧ ಯೋಚನೆ ಮಾಡುತ್ತಿದ್ದೆ.

ಹಬ್ಬದ ಹಿಂದಿನ ದಿನ ಮನೆಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ದಾಯಾದಿಗಳ ಮನೆಯ ಹೆಂಗಸರು ಸಗಣಿ ಉಂಡೆ ಮಾಡಿ ಹುಚ್ಚೆಳ್ಳು ಹೂ, ಚೆಂಡು ಹೂ ಸಿಕ್ಕಿಸುತ್ತಿದ್ದರು. ಒಳಗೆ ಅವ್ವ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಹೋಳಿಗೆಗೆ ಬೇಳೆ ಎಷ್ಟು ಬೇಯಬೇಕು ಎಂದು ಕೂಗಿ ಹೇಳುತ್ತಿದ್ದಳು. ಹೊಸ ಶೇಂಗಾ ಹುರಿದ ವಾಸನೆ, ಬೆಲ್ಲ ಕಾಯುವ ವಾಸನೆ. ಅಪ್ಪ, ಚಿಕ್ಕಪ್ಪ ಟಗರಿನ ಕೊಂಬಿಗೆ ಬಣ್ಣ ಬಳಿಯುತ್ತಾ, ಕೆಂಪೋ ಹಸಿರೋ ಎಂದು ಜಗಳ ಮಾಡಿ ಕೊನೆಗೆ ಒಂದು ಕೊಂಬಿಗೆ ಒಂದೊಂದು ಬಳಿದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಲ್ಲರೂ ಏನೋ ಒಂದನ್ನು ಸಿಂಗರಿಸುತ್ತಿದ್ದರು. ನಾನು ನನ್ನ ಮರಿಯ ಹತ್ತಿರ ಹೋದರೆ ಅದರ ಬಾಲದ ಕೆಳಗೆಲ್ಲ ಹಿಕ್ಕೆ ಅಂಟಿ ಒಣಗಿತ್ತು. ನಾಳೆ ಅಷ್ಟು ಜನರ ಮುಂದೆ ಇದು ನನ್ನ ತಮ್ಮನ ಪಕ್ಕ ನಿಲ್ಲಬೇಕು. ಹಿರಿಯೂರಿನ ಮಾವ ಬರುತ್ತಾನೆ. ಮೂಗು ಮುಚ್ಚಿಕೊಂಡರೆ? ನಾನು ಬಚ್ಚಲಿಂದ ತಮ್ಮನ ಸೋಪು ತೆಗೆದುಕೊಂಡು ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹಿತ್ತಲ ನೀರಿನ ತೊಟ್ಟಿಯ ಹಿಂದೆ ಹೋದೆ. ತಲೆಯಿಂದ ಬಾಲದವರೆಗೆ ನೊರೆ ಬರಿಸಿ ತೊಳೆದೆ. ಬಾಲವನ್ನಂತೂ ಎರಡೆರಡು ಸಲ. ಬಿಸಿಲಿಗೆ ಹಿಡಿದು ಒಣಗಿಸಿ ಪೌಡರನ್ನೂ ಹಾಕಿದೆ. ಮೂಗಿಟ್ಟು ನೋಡಿದರೆ ಥೇಟ್ ನನ್ನ ತಮ್ಮ.

ಇಲ್ಲಿ ಒಂದು ಮಾತು ಹೇಳಬೇಕು. ಗೊತ್ತಿಲ್ಲದೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕುರಿ ತನ್ನ ಮರಿಯನ್ನು ಕಣ್ಣಿನಿಂದ ಗುರುತಿಸುವುದಿಲ್ಲ, ಬಾಲ ಮೂಸಿ ಗುರುತಿಸುತ್ತದೆ. ಹಾಲು ಕುಡಿಯುವ ಮರಿಯ ಬಾಲ ತೊಳೆಯಬಾರದು ಎಂಬುದು ಕುರಿ ಸಾಕುವ ಮನೆಯಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಆದರೆ ಆ ದಿನದ ಸಂಭ್ರಮದಲ್ಲಿ ಅದು ಬೇರೆ ಕುರಿಗಳ ವಿಷಯ, ನಮ್ಮ ಹೆಸರಿನ ಮರಿಯ ವಿಷಯ ಅಲ್ಲ ಎಂದು ಅನಿಸಿಬಿಟ್ಟಿತ್ತು. ಮರಿಗಳನ್ನು ಸಂಜೆ ಬೇರೆ ಬುಟ್ಟಿಯಡಿ ಹಾಕುವ ರೂಢಿ. ನಾನೇ ಹಾಕಿ, ಮೇಲೆ ಕಲ್ಲಿಟ್ಟು ಬಂದೆ.

ಬೆಳಗ್ಗೆ ರೊಪ್ಪದ ಮುಂದೆ ಜನ ನಿಂತಿದ್ದರು. ಚಳಿಗೆ ಎಲ್ಲರ ಬಾಯಿಂದ ಹೊಗೆ. ಅವ್ವ ಹಸಿರು ಸೀರೆ ಉಟ್ಟು ಬಂದು ತಮ್ಮನನ್ನು ಕಂಬಳಿಯ ಮೇಲೆ ಮಲಗಿಸಿದಳು. ಅವನು ಆಕಾಶ ನೋಡಿ ಕೈಕಾಲು ಬಡಿದ. ಮೇಲೆ ತೊಲೆ ಇಲ್ಲದ್ದಕ್ಕೆ ಆಶ್ಚರ್ಯ ಆಗಿರಬೇಕು. ಎಲ್ಲರೂ ನಕ್ಕರು. ಅಜ್ಜಿ ಚಿಕ್ಕವ್ವನಿಗೆ ಮರಿ ತರಲು ಹೇಳಿದಳು. ಚಿಕ್ಕವ್ವ ಬುಟ್ಟಿ ಎತ್ತಿ, ಮರಿಯನ್ನು ಎದೆಗೆ ಒತ್ತಿಕೊಂಡು ತಂದು ಕಂಬಳಿಯ ಮುಂದೆ ಬಿಟ್ಟಳು. ಅವಳ ಸೀರೆಯಲ್ಲಿ ದಿನವೂ ಅದೇ ಸೋಪಿನ ವಾಸನೆ ಇರುತ್ತಿದ್ದುದರಿಂದ ಮರಿಯ ಮೈಯದು ಯಾರಿಗೂ ಬೇರೆಯಾಗಿ ತಿಳಿಯಲಿಲ್ಲ. ಚಿಕ್ಕಪ್ಪ ತಾಯಿ ಕುರಿಯನ್ನು ಬಿಟ್ಟ. ಅದು ಕೂಗುತ್ತಾ ಓಡಿ ಬಂತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಕುರಿ ತಲೆ ತಿರುಗಿಸಿ ಬಾಲ ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ಹಿಂದೆ ಸರಿದು ಹಣೆಯಿಂದ ಗುದ್ದಿತು. ಮರಿ ಉರುಳಿ ಕಂಬಳಿಯ ಅಂಚಿಗೆ, ತಮ್ಮನ ಕಾಲ ಹತ್ತಿರ ಬಂದು ಬಿತ್ತು. ಚಿಕ್ಕವ್ವ ಅದನ್ನು ಎತ್ತಿ ಮತ್ತೆ ಕೆಚ್ಚಲಿಗೆ ಹಿಡಿದಳು. ಕುರಿ ಮತ್ತೆ ಗುದ್ದಿತು. ಆಗ ಅಜ್ಜಿ ಹೇಳಿದಳು, ಕೂಗಲಿಲ್ಲ, ಲೆಕ್ಕ ಹಾಕಿ ಉತ್ತರ ಸಿಕ್ಕವಳ ಹಾಗೆ ಹೇಳಿದಳು.

"ಆ ಕೈ ಮುಟ್ಟಿದ್ದಕ್ಕೆ ಕುರೀನೂ ಬ್ಯಾಡ ಅಂತೈತೆ. ಮಗೀನ ಎತ್ಕಳ್ರಿ."

ಅವ್ವ ತಮ್ಮನನ್ನು ಎತ್ತಿಕೊಂಡಳು. ಅದನ್ನು ನಾನು ನೋಡಿದೆ. ಚಿಕ್ಕವ್ವ ಒಂದು ಹೆಜ್ಜೆ ಮುಂದೆ ಬಂದಾಗ ಅವ್ವ ಒಂದು ಹೆಜ್ಜೆ ಹಿಂದೆ ಹೋದದ್ದನ್ನೂ ನೋಡಿದೆ. ಚಿಕ್ಕವ್ವ ತನ್ನ ಎರಡೂ ಕೈಗಳನ್ನು ಸೀರೆಗೆ ಒರೆಸಿಕೊಂಡಳು, ಅವಕ್ಕೆ ಏನೋ ಅಂಟಿದೆ ಎಂಬ ಹಾಗೆ. ನಾನು ಅವಳ ಪಕ್ಕದಲ್ಲೇ ಇದ್ದೆ. ಬಾಯಿ ತೆರೆದರೆ ಸಾಕಿತ್ತು. ಅಪ್ಪನ ಕೈಯಲ್ಲಿ ಕುರಿ ಬೆದರಿಸುವ ಕೋಲಿತ್ತು. ಹೊಡೆತಕ್ಕೆ ಹೆದರಿದೆನೋ, ತಮ್ಮನ ಬಾಳು ಕೆಡಿಸಿದವಳು ನಾನೇ ಎಂದಾಗುತ್ತದೆ ಎಂದು ಹೆದರಿದೆನೋ, ಈಗ ಬೇರೆ ಮಾಡಿ ಹೇಳಲಾರೆ. ಹಬ್ಬದ ಊಟಕ್ಕೆ ಎಲೆ ಹಾಕುವ ಮೊದಲೇ ಚಿಕ್ಕವ್ವ ಚೀಲದಲ್ಲಿ ಎರಡು ಸೀರೆ ತುಂಬಿಕೊಂಡು ತವರಿಗೆ, ಹೊಸದುರ್ಗದಾಚೆಯ ಶ್ರೀರಾಂಪುರಕ್ಕೆ ಹೊರಟಳು. ಸ್ವಲ್ಪ ದಿನ ಇದ್ದು ಬರ್ತೀನಿ ಎಂದಳು. ನಾನು ಅವತ್ತು ಹೋಳಿಗೆ ತಿಂದೆ. ಕೇಳಿ ಹಾಕಿಸಿಕೊಂಡು ತಿಂದೆ.

ಮರಿಗೆ ಮೇಕೆ ಹಾಲು ಕುಡಿಸಿ ಬದುಕಿಸಿಕೊಂಡೆವು. ಅದು ರೊಪ್ಪದಲ್ಲಿ ಉರುಳಾಡಿ, ಉಳಿದ ಮರಿಗಳಿಗೆ ಮೈ ತಿಕ್ಕಿ ಮೊದಲಿನಂತಾಯಿತು. ಒಂದು ಬೆಳಗ್ಗೆ ತಾಯಿ ಕುರಿ ಮೂಸಿ ನೋಡಿ ಸುಮ್ಮನೆ ನಿಂತಿತು. ಮರಿ ಬಾಲ ಅಲ್ಲಾಡಿಸುತ್ತಾ ಕುಡಿಯಿತು. ಅಜ್ಜಿ ಅಪ್ಪನನ್ನು ಕರೆದು ತೋರಿಸಿದಳು, ಅವಳು ಹೋದಳು, ಕುರಿ ಒಪ್ಪಿತು, ಇನ್ನೇನು ಬೇಕು ಎಂದಳು. ಅಪ್ಪ ತಲೆ ತಗ್ಗಿಸಿದ. ಅದುವರೆಗೂ ಅವನಿಗೆ ಅಜ್ಜಿಯ ಮಾತಿನ ಮೇಲೆ ಅನುಮಾನ ಇತ್ತು ಅನಿಸುತ್ತದೆ. ಆ ಬೆಳಗ್ಗೆಯಿಂದ ಇರಲಿಲ್ಲ. ಚಿಕ್ಕವ್ವನನ್ನು ಕರೆದು ತರಲು ಯಾರೂ ಹೋಗಲಿಲ್ಲ. ಹೋಗಿದ್ದು ಚಿಕ್ಕಪ್ಪ ಒಬ್ಬನೇ, ಅವನೂ ಅಲ್ಲೇ ಉಳಿದ. ಹಿಡಿಯುವವರಿಲ್ಲದೆ ತಮ್ಮ ವಾರಗಟ್ಟಲೆ ಅತ್ತ. ಅವನನ್ನು ನೋಡಿಕೊಳ್ಳಲು ಜನ ಬೇಕೆಂದು ನನ್ನನ್ನು ಶಾಲೆ ಬಿಡಿಸಿದರು. ನಾನು ಯಾಕೆ ಎಂದು ಕೇಳಲಿಲ್ಲ. ನನ್ನ ಕಾಲ ಮೇಲೆ ಹಾಕಿಕೊಂಡು ಅವನಿಗೆ ಎರೆಯುತ್ತಿದ್ದೆ. ಚಿಕ್ಕವ್ವ ಆಡುತ್ತಿದ್ದ ಮಾತುಗಳನ್ನೇ ಆಡುತ್ತಿದ್ದೆ. ಅವನಿಗೆ ಮಾತು ಬಂದ ಮೇಲೆ ಮೊದಲು ಕರೆದದ್ದು ನನ್ನನ್ನೇ. ಎಲ್ಲರೂ ಅದನ್ನು ನನ್ನ ಪುಣ್ಯ ಎಂದರು.

ಈಗ ಅಜ್ಜಿ ಇಲ್ಲ. ತಮ್ಮ ಬೀರೇಶ ಕುರಿ ಹಿಂಡನ್ನು ಅಪ್ಪನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಈ ಸಲ ಅವನಿಗೆ ಹೆಣ್ಣು ಮಗು. ನಾನು ಭರಮಸಾಗರದ ಗಂಡನ ಮನೆಯಿಂದ ಗಣಪತಿ ಹಬ್ಬಕ್ಕೆ ಬಂದವಳು ಏನೇನೋ ನೆಪ ಹೇಳಿ ದೀಪಾವಳಿವರೆಗೂ ಉಳಿದುಬಿಟ್ಟೆ. ಮತ್ತೆ ಅದೇ ಗದ್ದಲ, ತೊಟ್ಟಿಲು, ಆಕಳಿಸಿದರೆ ಕೂಗಿ ಕರೆಯುವುದು. ಅಪ್ಪ ಮತ್ತೆ ಬಾಗಿಲಲ್ಲಿ ನಿಂತು, ಇವತ್ತು ಏನು ಮಾಡಿದಳು ಎಂದು ಕೇಳುತ್ತಿದ್ದಾನೆ. ಹಬ್ಬಕ್ಕೆ ಎಲ್ಲರನ್ನೂ ಕರೆಯುವಾಗ ತಮ್ಮ, ಚಿಕ್ಕವ್ವನ್ನೂ ಕರೀಬೇಕಕ್ಕ, ಹಳೇದೆಲ್ಲ ಯಾಕೆ ಎಂದ. ನಾನೇ ಹೋಗಿ ಕರೀತೀನಿ ಎಂದು ಬಸ್ಸು ಹತ್ತಿದೆ.

ಚಿಕ್ಕಪ್ಪ ಹೊಲಕ್ಕೆ ಹೋಗಿದ್ದ. ಚಿಕ್ಕವ್ವ ಅಡಿಗೆ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೀರನಿಗೆ ಹೆಣ್ಣು ಮಗು ಎಂದಾಗ ಅವಳ ಮುಖ ಅರಳಿತು. ಯಾರ ಹಂಗೈತೆ, ಮೂಗು ಹೆಂಗೈತೆ ಎಂದು ಒಂದರ ಮೇಲೊಂದು ಕೇಳಿದಳು. ಹಬ್ಬಕ್ಕೆ ಬಾ ಎಂದ ಕೂಡಲೇ ಮತ್ತೆ ಕಾಯಿ ಸುಲಿಯತೊಡಗಿದಳು.

"ನಾನು ಬ್ಯಾಡ ಕಣೇ. ಎಳೇ ಕೂಸು. ಇಲ್ಲಿ ನಮ್ಮಣ್ಣನ ಮೊಮ್ಮಕ್ಳನ್ನೂ ನಾನು ಎತ್ಕಂಡಿಲ್ಲ, ಹಲ್ಲು ಬರೋ ತಂಕ. ನನ್ನ ಕೈ ಹಂಗೈತೆ."

ಇಷ್ಟು ವರ್ಷ ನಾನು ಅಂದುಕೊಂಡಿದ್ದೇ ಬೇರೆ. ಅವಳಿಗೆ ನಮ್ಮ ಮೇಲೆ ಸಿಟ್ಟಿದೆ, ಅದಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು. ಅವಳು ಅಜ್ಜಿಯ ಮಾತನ್ನು ನಂಬಿ ಬದುಕಿದ್ದಳು. ನಾನು ಕೂತಲ್ಲೇ ಹೇಳಿದೆ. ತೊಟ್ಟಿಯ ಹಿಂದೆ ಹೋದದ್ದು, ಬಾಲ ತೊಳೆದದ್ದು, ಎಲ್ಲ.

"ಸೋಪಾ?"

"ಹೂಂ ಚಿಕ್ಕವ್ವ. ಮಗೀನ ಸೋಪು. ಪೌಡ್ರೂ ಹಾಕಿದ್ದೆ."

ಅವಳ ಕೈ ನಿಂತಿತು. ಆಮೇಲೆ ಮೊರದಲ್ಲಿದ್ದ ಕಾಳನ್ನೆಲ್ಲ ಒಂದು ಕಡೆ ಮಾಡಿದಳು, ಸಿಪ್ಪೆ ಇನ್ನೊಂದು ಕಡೆ ಮಾಡಿದಳು. ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಎದ್ದು ಒಲೆ ಮೇಲಿನ ಪಾತ್ರೆ ಇಳಿಸಿ ನನಗೆ ಮುದ್ದೆ ಹಾಕಿದಳು. ನಾನು ತುತ್ತು ಮುರಿದ ಮೇಲೆ ಮಾತಾಡಿದಳು.

"ನಿಮ್ಮಜ್ಜಿ ಆ ಮಾತ್ನ ರೊಪ್ಪದ ಬಾಗ್ಲಾಗೆ ಅಂದ್ಲು, ಎಲ್ರ ಮುಂದೆ. ನೀನು ಇಲ್ಲಿ ಒಲೆ ಮುಂದೆ ಹೇಳ್ತೀಯ, ಯಾರೂ ಇಲ್ದಾಗ. ಅಲ್ಲಿ ಹೇಳು ಹೋಗು. ಆಮ್ಯಾಲೆ ಬರೋದ ನೋಡಾಣ."

ಊಟ ಪೂರ್ತಿ ಮಾಡಿಸಿಯೇ ಕಳಿಸಿದಳು.

ಪಾಡ್ಯದ ಬೆಳಗ್ಗೆ ಮೊದಲಿನಂತೆಯೇ ಜನ ಸೇರಿದರು, ಅದೇ ದಾಯಾದಿಗಳು, ಈಗ ಮುದುಕರಾಗಿದ್ದಾರೆ, ಜೊತೆಗೆ ಅವರ ಸೊಸೆಯಂದಿರು, ಮೊಬೈಲು ಹಿಡಿದ ಮೊಮ್ಮಕ್ಕಳು. ಕಂಬಳಿ ಹಾಸಿದರು. ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದಳು. ಅವಳಿನ್ನೂ ಬಗ್ಗಿರಲಿಲ್ಲ, ಒಂದ್ ನಿಮಿಷ ತಡೀರಿ ಎಂದೆ. ನನ್ನ ದನಿ ನನಗೇ ಬೇರೆಯವರದು ಅನಿಸಿತು. ಅವತ್ತು ಬೀರನ ಮರಿಯನ್ನು ಕುರಿ ಗುದ್ದಿದ್ದು ಚಿಕ್ಕವ್ವನ ಕೈಯಿಂದ ಅಲ್ಲ, ಹಿಂದಿನ ದಿನ ನಾನು ಅದಕ್ಕೆ ಸೋಪು ಹಾಕಿ ತೊಳೆದಿದ್ದೆ, ಗೊತ್ತಿದ್ದೂ ಹೇಳಲಿಲ್ಲ ಎಂದೆ. ನನ್ನನ್ನು ಹೊಡೆಯುವ ವಯಸ್ಸಿನವರು ಅಲ್ಲಿ ಯಾರೂ ಉಳಿದಿರಲಿಲ್ಲ, ಆದರೂ ಅಪ್ಪನ ಕೈಯಲ್ಲಿ ಕೋಲಿದೆಯೇ ಎಂದು ನೋಡಿದೆ. ದಾಯಾದಿಗಳ ಮನೆಯ ದೊಡ್ಡಪ್ಪ ಕಿವಿಗೆ ಕೈ ಹಚ್ಚಿ ಮುಂದೆ ಬಂದ.

"ಮರೀಗಾ? ಯಾವ್ ಸೋಪ್ ಹಾಕಿದ್ಯೇ?"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಕುರುಬರ ಹುಡುಗಿ ಮರಿಗೆ ಪೌಡರ್ ಹಾಕಿದ್ದನ್ನು ಒಬ್ಬರಿಗೊಬ್ಬರು ಮತ್ತೆ ಹೇಳಿಕೊಂಡು ನಕ್ಕರು. ಮುದುಕರು ಕೋಲೂರಿ ಬಗ್ಗಿ ನಕ್ಕರು. ಮೊಮ್ಮಕ್ಕಳು ಏನೂ ತಿಳಿಯದೆ ನಕ್ಕರು. ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಹಬ್ಬದ ಬೆಳಗಿನ ಒಳ್ಳೆಯ ನಗು. ಅವತ್ತು ಹೇಳಿದ್ದರೂ ಇವರು ಹೀಗೇ ನಗುತ್ತಿದ್ದರು. ಅಜ್ಜಿಯೂ ನಗುತ್ತಿದ್ದಳೇನೋ. ನನ್ನ ಬೆನ್ನಿಗೆ ಒಂದು ಗುದ್ದು ಬಿದ್ದು, ಮರಿಗೆ ಮೇಕೆ ಹಾಲು ಹಾಕಿ, ಚಿಕ್ಕವ್ವ ಎಲೆ ಹಾಕಿ ಹೋಳಿಗೆ ಬಡಿಸುತ್ತಿದ್ದಳು. ಇಷ್ಟು ಸಣ್ಣದಕ್ಕೆ ಒಂದು ಹೆಂಗಸಿನ ಕೈಗಳು ಅಷ್ಟು ವರ್ಷ ಖಾಲಿ ಇದ್ದವು. ಅವ್ವ ಮಾತ್ರ ನಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಅಪ್ಪ ರೊಪ್ಪದ ಬೇಲಿಯ ಕಡೆ ತಿರುಗಿ ನಿಂತಿದ್ದ.

ತಮ್ಮನೂ ನಗಲಿಲ್ಲ. ನಾನು ಎತ್ತಿ ಆಡಿಸಿದ ಹುಡುಗ, ನನ್ನ ಮುಖ ನೋಡದೆ ಒಳಗೆ ಹೋಗಿ ಬೈಕಿನ ಕೀಲಿ ತಂದ. ಶ್ರೀರಾಂಪುರಕ್ಕೆ ಹೋಗಿ ಬರಲು ಅರ್ಧ ದಿನ ಹಿಡಿಯುತ್ತದೆ, ಪೂಜೆ ಮುಗಿಸಿ ಹೋಗು ಎಂದು ದೊಡ್ಡಪ್ಪ ಹೇಳಿದ. ಅವನು ಬೈಕು ಹತ್ತಿ ಕೂತ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ.

"ಮಗೀನ ಕಂಬ್ಳಿ ಮ್ಯಾಲೆ ಚಿಕ್ಕವ್ವ ಬಂದು ಮಲಗಿಸ್ತಾಳೆ. ಅಲ್ಲಿ ತಂಕ ಯಾರೂ ಮಲಗಿಸಬ್ಯಾಡ್ರಿ. ಅಕ್ಕ, ನೀನೂ ಅಷ್ಟೇ."

ಬೈಕಿನ ಸದ್ದು ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಸೇರಿಹೋಯಿತು. ನಗು ನಿಂತಿತ್ತು. ಹಸಿದ ಕುರಿಗಳು ರೊಪ್ಪದೊಳಗೆ ಕೂಗುತ್ತಿದ್ದವು. ಮನೆಗೆ ಹೋಗೋಣ ಎಂದು ಒಬ್ಬರೂ ಅನ್ನಲಿಲ್ಲ. ಹೆಂಗಸರು ಬೇಲಿಯ ನೆರಳಿಗೆ ಹೋಗಿ ಕೂತರು. ತಮ್ಮನ ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಬರಿದಾದ ಕಂಬಳಿಯ ಸುತ್ತ ನಾವೆಲ್ಲ ರಸ್ತೆಯ ಕಡೆಗೆ ಮುಖ ಮಾಡಿ ಕಾಯುತ್ತಾ ಕೂತೆವು.